ನಂಬಿ ಕೊಡಿ, ಚೀಟಿ ಬರೆದು ಕೊಡಿ

(ಜುಬೈಲಿನ ಇಸ್ತಿರಾಹವೊಂದರಲ್ಲಿ ನಡೆದ ನಮ್ಮ ಕುಟುಂಬ ಸಮ್ಮಿಲನದಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಪಕ್ಕದಲ್ಲಿ ಉದ್ಯೋಗದಲ್ಲಿರುವ ಸ್ನೇಹಿತರೊಬ್ಬರು ಮಾಡಿದ ಭಾಷಣದ ಬರಹರೂಪ.)



ವೇದಿಕೆಯಲ್ಲಿರುವ ಹಿರಿಯರೇ, ಎದುರು ಕೂತಿರುವ ಕಾಕಂದಿರೇ, ಸಹೋದರರೇ, ಹಿಂದೆ ಮಕ್ಕಳನ್ನು ಸಮಾಧಾನ ಮಾಡುತ್ತಾ ಕೂತಿರುವ ಸಹೋದರಿಯರೇ,

ಉಮ್ಮನನ್ನು ಕರೆದುಕೊಂಡು ಉಮ್ರಾಕ್ಕೆ ಬಂದಿದ್ದೆ. ಊರಿಗೆ ಹೊರಡುವ ಮೊದಲು ಜುಬೈಲ್ ನೋಡಬೇಕು ಅಂತ ಉಮ್ಮ ಹಟ ಹಿಡಿದ್ರು. ನನ್ನ ಉಪ್ಪ ಈ ಊರಿನಲ್ಲಿ ಹತ್ತೊಂಬತ್ತು ವರ್ಷ ಶಟರಿಂಗ್ ಕೆಲಸ ಮಾಡಿದವರು. ಉಮ್ಮನಿಗೆ ಇಷ್ಟು ವರ್ಷ ಜುಬೈಲ್ ಅಂದ್ರೆ ಲಕೋಟೆಯ ಮೇಲಿನ ಒಂದು ಪೋಸ್ಟ್ ಬಾಕ್ಸ್ ನಂಬರ್. ನಿನ್ನೆ ಕಣ್ಣಾರೆ ನೋಡಿದ್ರು. "ಇಷ್ಟು ಸೆಕೆಯಾ?" ಅಂತ ಒಂದೇ ಮಾತು ಕೇಳಿದ್ರು. ಮತ್ತೆ ತುಂಬಾ ಹೊತ್ತು ಮಾತಾಡಲಿಲ್ಲ.

ಕಾರ್ಯದರ್ಶಿಯವರು ಫೋನ್ ಮಾಡಿ, "ಬಂದವರು ಸುಮ್ಮನೆ ಹೋಗಬೇಡಿ, ಸ್ವಲ್ಪ ಮಾತಾಡಿ" ಅಂದ್ರು. ವಿಷಯ ಏನು ಅಂತ ಕೇಳಿದೆ. "ರಾಜಕಾರಣಿಗಳನ್ನು ನಂಬಬಹುದಾ? ಅವರು ಜನರ ಒಳ್ಳೇದಕ್ಕೆ ಕೆಲಸ ಮಾಡ್ತಾರಾ? ನಮ್ಮ ರೂಮುಗಳಲ್ಲಿ ರಾತ್ರಿ ಊಟ ಆದ ಮೇಲೆ ದಿನಾ ಇದೇ ಜಗಳ. ನೀವು ಅಮೆರಿಕದಲ್ಲಿ ಇದ್ದವರು, ಅಲ್ಲಿ ಹೇಗೆ ಅಂತ ಹೇಳಿ" ಅಂದ್ರು.

ನಾನು ರಾಜಕೀಯ ಓದಿದವನಲ್ಲ, ಕಂಪ್ಯೂಟರ್ ಕೆಲಸದವನು. ಅಮೆರಿಕದಲ್ಲಿ ನನಗೆ ಓಟೂ ಇಲ್ಲ. ನೀವು ಇಲ್ಲಿ ಇಕಾಮಾದಲ್ಲಿ ಇದ್ದ ಹಾಗೆ ನಾನು ಅಲ್ಲಿ ಎಚ್-1ಬಿ ವೀಸಾದಲ್ಲಿ ಇರುವವನು. ಆದರೂ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಎಂಬ ಮೂರು ದೊಡ್ಡ ಊರುಗಳಲ್ಲಿ ನಡೆದ ಮೂರು ಸಂಗತಿ ಹೇಳ್ತೇನೆ. ಅದರಲ್ಲಿ ಒಂದನ್ನು ನಾನೇ ಅನುಭವಿಸಿದ್ದೇನೆ.

ಅದಕ್ಕೂ ಮೊದಲು ನಿಮಗೆಲ್ಲ ಗೊತ್ತಿರುವ ಒಂದು ವಿಷಯ. ಊರಿಗೆ ಹೋಗುವವರ ಕೈಯಲ್ಲಿ ನಾವು ಸಾಮಾನು ಕೊಟ್ಟು ಕಳಿಸ್ತೇವೆ. ಅಮಾನತ್ ಅಂತ ಹೇಳಿಯೇ ಕೊಡ್ತೇವೆ. ಉಪ್ಪ ಕೊಡುವಾಗ ಒಂದು ಕ್ರಮ ಇತ್ತು. ಕಟ್ಟು ತೂಗಬೇಕು. ಒಳಗೆ ಏನೇನು ಉಂಟು ಅಂತ ಎರಡು ಚೀಟಿ ಬರೆಯಬೇಕು, ಒಂದು ಕಟ್ಟಿನ ಒಳಗೆ, ಇನ್ನೊಂದು ತಗೊಂಡು ಹೋಗುವವನ ಕೈಗೆ. ಮತ್ತೆ ಊರಿಗೆ ಫೋನ್: "ಇಂಥವನು ಇಂಥ ದಿನ ಬರ್ತಾನೆ." ದೊಡ್ಡವನಾದ ಮೇಲೆ ನಾನೊಮ್ಮೆ ಕೇಳಿದೆ, "ಉಪ್ಪ, ನಿಮಗೆ ಅವರ ಮೇಲೆ ನಂಬಿಕೆ ಇಲ್ವಾ?" ಉಪ್ಪ ಹೇಳಿದ್ರು, "ನಂಬಿಕೆ ಇದ್ದದ್ದಕ್ಕೇ ಅಲ್ವಾ ಕೊಟ್ಟದ್ದು? ಚೀಟಿ ಅವನಿಗೂ ಒಳ್ಳೇದು ಮಗಾ. ನಾಳೆ ಒಂದು ಸಾಬೂನು ಕಡಿಮೆ ಬಂದ್ರೆ ಅವನ ಹೆಸರು ಹಾಳಾಗಬಾರದು."

ಈ ಚೀಟಿಯ ವಿಷಯ ನೆನಪಿನಲ್ಲಿಡಿ. ಈಗ ಟೆಕ್ಸಾಸ್‌ಗೆ ಹೋಗುವ.

ಹತ್ತು ನಿಮಿಷದ ನೀರು

ಟೆಕ್ಸಾಸ್‌ನ ಬೇಸಿಗೆಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಇಲ್ಲಿಯಷ್ಟು ಏರುವುದಿಲ್ಲ, ಆದರೆ 38, 40 ಡಿಗ್ರಿ ಸಾಮಾನ್ಯ. ಹ್ಯೂಸ್ಟನ್‌ನಲ್ಲಿ ಅದರ ಜೊತೆಗೆ ನಮ್ಮ ಮಂಗಳೂರಿನ ಮೇ ತಿಂಗಳಿನಂಥ ಬೆವರು. 2023ರ ಬೇಸಿಗೆಯಲ್ಲಿ ಆಸ್ಟಿನ್‌ನಲ್ಲಿ ಸತತ 45 ದಿನ ಹಗಲಿನ ತಾಪ ನೂರು ಫ್ಯಾರನ್‌ಹೀಟ್, ಅಂದ್ರೆ ಸುಮಾರು 38 ಡಿಗ್ರಿ, ಮುಟ್ಟಿತು ಇಲ್ಲವೇ ದಾಟಿತು.

ಆ ಬಿಸಿಲಿನಲ್ಲಿ ಕಟ್ಟಡ ಕಟ್ಟುವವರು ಬಹಳಷ್ಟು ಮಂದಿ ಮೆಕ್ಸಿಕೊದಿಂದ, ಮಧ್ಯ ಅಮೆರಿಕದ ದೇಶಗಳಿಂದ ಬಂದವರು. ಹಲವರಿಗೆ ಸರಿಯಾದ ಕಾಗದಪತ್ರವೇ ಇಲ್ಲ. ಕೆಲಸದ ನಡುವೆ ವಿಶ್ರಾಂತಿ ಕೊಡಲೇಬೇಕು ಅಂತ ಟೆಕ್ಸಾಸ್ ರಾಜ್ಯದ ಕಾನೂನು ಹೇಳುವುದಿಲ್ಲ. ಬಿಸಿಲಿಗೆ ಅಂತಲೇ ಕೇಂದ್ರ ಸರಕಾರದ ಪ್ರತ್ಯೇಕ ನಿಯಮವೂ ಇರಲಿಲ್ಲ. 2024ರಲ್ಲಿ ಒಂದು ಕರಡು ಹೊರಟಿತು ಅಷ್ಟೆ.

ಆಸ್ಟಿನ್‌ನಲ್ಲಿ 2009ರ ಜೂನ್‌ನಲ್ಲಿ ಒಂದು ಎತ್ತರದ ಕಟ್ಟಡದ ಅಟ್ಟಣಿಗೆ ಮುರಿದು ಮೂವರು ಕಾರ್ಮಿಕರು ಸತ್ತರು. ಆ ಊರಿನಲ್ಲಿ ವರ್ಕರ್ಸ್ ಡಿಫೆನ್ಸ್ ಪ್ರಾಜೆಕ್ಟ್ ಎಂಬ ಕಾರ್ಮಿಕರ ಸಂಘಟನೆ ಉಂಟು. ಅವರು ಸೈಟಿನಿಂದ ಸೈಟಿಗೆ ಹೋಗಿ ಕಾರ್ಮಿಕರನ್ನು ಮಾತಾಡಿಸಿದರು, ವರದಿ ಮಾಡಿದರು. 2010ರ ಬೇಸಿಗೆಯಲ್ಲಿ ಕಾರ್ಮಿಕರು ಸಿಟಿ ಹಾಲ್ ಎದುರು ನೀರು ಕುಡಿಯದೆ ಧರಣಿ ಕೂತರು. ಉಪವಾಸ ಸತ್ಯಾಗ್ರಹ ನಾವು ಕೇಳಿದ್ದೇವೆ, ಇದು ನೀರಡಿಕೆಯ ಸತ್ಯಾಗ್ರಹ. ನಗರದ ಕೌನ್ಸಿಲ್ ನಿಯಮ ಮಾಡಿತು: ಕಟ್ಟಡ ಕೆಲಸದವರಿಗೆ ಪ್ರತಿ ನಾಲ್ಕು ಗಂಟೆಗೆ ಹತ್ತು ನಿಮಿಷ ಬಿಡುವು ಕೊಡಬೇಕು.

ಡಲ್ಲಾಸ್‌ನಲ್ಲಿ ಇದಕ್ಕೆ ಇನ್ನೂ ಐದು ವರ್ಷ ಬೇಕಾಯಿತು. 2015ರ ಜುಲೈಯಲ್ಲಿ ಆ ಭಾಗದ ಒಂದು ಸೈಟಿನಲ್ಲಿ 25 ವರ್ಷದ ಹುಡುಗನೊಬ್ಬ ಬಿಸಿಲಿನ ಹೊಡೆತಕ್ಕೆ ಬಿದ್ದು ಸತ್ತ. ಮನೆಯವರು ದುಃಖವನ್ನು ಒಳಗೆ ಇಟ್ಟುಕೊಂಡು ಕೂರಲಿಲ್ಲ, ಕೌನ್ಸಿಲ್ ಎದುರು ಬಂದು ಮಾತಾಡಿದರು. ಅದೇ ಡಿಸೆಂಬರ್‌ನಲ್ಲಿ ಡಲ್ಲಾಸ್ ಕೂಡ ನಾಲ್ಕು ಗಂಟೆಗೆ ಹತ್ತು ನಿಮಿಷದ ನಿಯಮ ಪಾಸು ಮಾಡಿತು. ತಪ್ಪಿದರೆ 500 ಡಾಲರ್ ವರೆಗೆ ದಂಡ.

ಈಗ ಲೆಕ್ಕ ಹಾಕಿ. ಆ ಧರಣಿ ಕೂತವರಲ್ಲಿ ಹಲವರಿಗೆ ಓಟಿಲ್ಲ, ಪೌರತ್ವ ಇಲ್ಲ. ಆದರೂ ಎರಡು ದೊಡ್ಡ ನಗರಗಳ ನಿಯಮ ಬದಲಾಯಿತು. ಇಲ್ಲಿಗೆ ಕಥೆ ಮುಗಿದಿದ್ದರೆ ನಾನು "ರಾಜಕಾರಣಿಗಳನ್ನು ನಂಬಬಹುದು" ಅಂತ ಹೇಳಿ ಕೂರುತ್ತಿದ್ದೆ.

ಮುಗಿಯಲಿಲ್ಲ. 2023ರಲ್ಲಿ ರಾಜ್ಯದ ಶಾಸನಸಭೆಗೆ ಎಚ್.ಬಿ. 2127 ಎಂಬ ಮಸೂದೆ ಬಂತು. ಲಬಕ್ ಊರಿನ ಶಾಸಕ ಡಸ್ಟಿನ್ ಬರೋಸ್ ತಂದದ್ದು. ಕೃಷಿ, ಹಣಕಾಸು, ಆಸ್ತಿ, ವ್ಯಾಪಾರ, ಕಾರ್ಮಿಕ ಹೀಗೆ ಹಲವು ವಿಷಯಗಳಲ್ಲಿ ರಾಜ್ಯದ ಕಾನೂನಿಗಿಂತ ಹೆಚ್ಚಿನ ನಿಯಮವನ್ನು ನಗರಗಳು ಮಾಡುವಂತಿಲ್ಲ ಅಂತ ಅದರ ಸಾರ. ಅವರ ವಾದವನ್ನೂ ಹೇಳಬೇಕು: ಒಂದೊಂದು ಊರಿಗೆ ಒಂದೊಂದು ನಿಯಮ ಇದ್ದರೆ ಸಣ್ಣ ವ್ಯಾಪಾರಿಗಳಿಗೆ ಕಷ್ಟ, ಕಾರ್ಮಿಕರ ಸುರಕ್ಷತೆಗೆ ಕೇಂದ್ರದ ಸಾಮಾನ್ಯ ನಿಯಮ ಉಂಟಲ್ಲ ಅಂತ. ಕೇಳಲಿಕ್ಕೆ ತಪ್ಪಿಲ್ಲದ ಮಾತು. "ನೀರು ಕೊಡಬೇಡಿ" ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಕಾರ್ಮಿಕ ಕಾನೂನಿನ ಭಾಗದಲ್ಲಿ ರಜೆ, ನೇಮಕಾತಿ, ಭತ್ಯೆ ಅಂತ ಹೋಗುವ ಪಟ್ಟಿಯ ನಡುವೆ 'ಬಿಡುವು' ಅಂತ ಒಂದು ಪದ ಕೂತಿದೆ. ಆ ಒಂದು ಪದಕ್ಕೆ ಆಸ್ಟಿನ್‌ನ ಹತ್ತು ನಿಮಿಷವೂ ಡಲ್ಲಾಸ್‌ನ ಹತ್ತು ನಿಮಿಷವೂ ಸಿಕ್ಕಿಕೊಂಡವು.

ಗವರ್ನರ್ ಗ್ರೆಗ್ ಅಬಟ್ ಇದಕ್ಕೆ ಸಹಿ ಹಾಕಿದ್ದು ಜೂನ್ ತಿಂಗಳಲ್ಲಿ, ಬಿಸಿಗಾಳಿ ಏರುತ್ತಿದ್ದ ಹೊತ್ತಿನಲ್ಲಿ. ಅಲ್ಲಿ ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಹಾಗಲ್ಲ, ಜನ ಆರಿಸಿದ ಮುಖ್ಯಮಂತ್ರಿಯ ಹಾಗೆ. ಹ್ಯೂಸ್ಟನ್ ನಗರ ಕೋರ್ಟಿಗೆ ಹೋಯಿತು. ಸ್ಯಾನ್ ಆಂಟೋನಿಯೊ, ಎಲ್ ಪಾಸೊ ಜೊತೆ ಸೇರಿದವು. ಆಗಸ್ಟ್ 30ರಂದು ಆಸ್ಟಿನ್‌ನ ನ್ಯಾಯಾಧೀಶರು ಈ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂದರು. ಸರಕಾರ ಮೇಲ್ಮನವಿ ಹಾಕಿತು, ಸೆಪ್ಟೆಂಬರ್ 1ಕ್ಕೆ ಕಾನೂನು ಜಾರಿಗೂ ಬಂತು. 2025ರ ಜುಲೈಯಲ್ಲಿ ಮೇಲ್ಮನವಿ ಕೋರ್ಟು, ದಾವೆ ಹೂಡಲಿಕ್ಕೆ ಈ ನಗರಗಳಿಗೆ ಆಧಾರ ಸಾಲದು ಅಂತ ಆ ತೀರ್ಪನ್ನು ತೆಗೆದುಹಾಕಿತು.

ಇನ್ನೊಬ್ಬ ರಾಜಕಾರಣಿಯನ್ನೂ ಹೇಳದಿದ್ದರೆ ಅನ್ಯಾಯ. ಗ್ರೆಗ್ ಕಸಾರ್ ಅಂತ, ಮೆಕ್ಸಿಕೊದಿಂದ ವಲಸೆ ಬಂದವರ ಮಗ. ಅದೇ ಕಾರ್ಮಿಕ ಸಂಘಟನೆಯಲ್ಲಿ ದುಡಿದು, ಆಸ್ಟಿನ್ ಕೌನ್ಸಿಲ್‌ಗೆ ಗೆದ್ದು, 2023ರಲ್ಲಿ ಅಮೆರಿಕದ ಸಂಸತ್ತಿಗೆ ಹೋದವರು. ಆ ಜುಲೈಯಲ್ಲಿ ಅವರು ವಾಷಿಂಗ್ಟನ್‌ನ ಸಂಸತ್ ಭವನದ ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಸುಮಾರು ಒಂಬತ್ತು ಗಂಟೆ ನೀರು ಮುಟ್ಟದೆ ಕೂತರು. ಬರೋಸ್ ಸಾಹೇಬರು ರಾಜಕಾರಣಿ, ಕಸಾರ್ ಕೂಡ ರಾಜಕಾರಣಿ. ಆದ್ದರಿಂದ "ಎಲ್ಲರೂ ಒಂದೇ" ಅನ್ನುವ ರೂಮಿನ ಮಾತು ನನಗೆ ಒಪ್ಪಿಗೆಯಿಲ್ಲ. ಒಬ್ಬರು ಸೈಟಿನಿಂದ ಬಂದವರ ನಡುವೆ ಬೆಳೆದರು, ಆ ಜನ ಅವರ ಬಾಗಿಲು ಬಡಿಯುತ್ತಾ ಇದ್ದರು. ವ್ಯತ್ಯಾಸ ಅಲ್ಲಿಂದ ಹುಟ್ಟಿತು.

ಕರೆಂಟು ಹೋದ ವಾರ

ಎರಡನೆಯದು ನಾನು ಅನುಭವಿಸಿದ್ದು. 2021ರ ಫೆಬ್ರವರಿ. ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿಗೆ ಇಳಿಯಿತು. ರಾಜ್ಯದಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ ಅಂಗಡಿಗಳಿಗೆ ಕರೆಂಟು ಹೋಯಿತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ರಾತ್ರಿ ಏನೂ ಇರಲಿಲ್ಲ. ಅಲ್ಲಿ ಒಲೆಯೂ ಕರೆಂಟಿನದ್ದೇ. ಮಗಳಿಗೆ ಆಗ ಎರಡು ವರ್ಷ. ನಾವು ಮೂವರೂ ಒಂದೇ ಕಂಬಳಿಯೊಳಗೆ, ಇದ್ದಬದ್ದ ಬಟ್ಟೆ ಎಲ್ಲ ಹಾಕಿಕೊಂಡು. ಮೇಲಿನ ಮನೆಯ ಪೈಪು ಒಡೆದು ಗೋಡೆಯಲ್ಲಿ ನೀರು ಇಳಿಯಿತು. ಎರಡನೇ ರಾತ್ರಿ ಪಕ್ಕದ ಮನೆಯ ಮೆಕ್ಸಿಕನ್ ಮೇಸ್ತ್ರಿ ಬಾಗಿಲು ತಟ್ಟಿ, ಹೊರಗೆ ಗ್ಯಾಸ್ ಒಲೆಯಲ್ಲಿ ಕಾಯಿಸಿದ ಹಾಲು ಕೊಟ್ಟ. ನನಗೆ ಸ್ಪ್ಯಾನಿಷ್ ಬರುವುದಿಲ್ಲ, ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಗಳನ್ನು ತೋರಿಸಿದ, ಪಾತ್ರೆ ಇಟ್ಟು ಹೋದ.

ಊರಿನಿಂದ ಉಮ್ಮ ಫೋನ್ ಮಾಡಿ, "ಅಮೆರಿಕದಲ್ಲೂ ಕರೆಂಟು ಹೋಗ್ತದಾ?" ಅಂತ ಕೇಳಿದ್ರು. ಆಗ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳ್ಕೊಂಡೆ.

ಟೆಕ್ಸಾಸ್‌ನ ಹೆಚ್ಚಿನ ಭಾಗಕ್ಕೆ ತನ್ನದೇ ಪ್ರತ್ಯೇಕ ವಿದ್ಯುತ್ ಜಾಲ. ನಡೆಸುವುದು ಎರ್ಕಾಟ್ ಎಂಬ ಸಂಸ್ಥೆ. ಕೇಂದ್ರ ಸರಕಾರದ ನಿಯಂತ್ರಣ ಬೇಡ ಅಂತ ಪಕ್ಕದ ರಾಜ್ಯಗಳ ಜಾಲಕ್ಕೆ ಹೆಚ್ಚು ಜೋಡಿಸದೆ ಇಟ್ಟಿದ್ದಾರೆ. ಹಾಗಾಗಿ ಕಷ್ಟ ಬಂದಾಗ ಹೊರಗಿನಿಂದ ಕರೆಂಟು ತರಿಸುವ ದಾರಿಯೂ ಸಣ್ಣದು. 2011ರ ಫೆಬ್ರವರಿಯಲ್ಲೂ ಇಂಥದ್ದೇ ಚಳಿ ಬಂದು ಕರೆಂಟು ಹೋಗಿತ್ತು. ಕೇಂದ್ರದ ನಿಯಂತ್ರಕರು ಅದೇ ವರ್ಷ ವರದಿ ಕೊಟ್ಟರು: ಸ್ಥಾವರಗಳನ್ನು, ಗ್ಯಾಸ್ ಬಾವಿಗಳನ್ನು ಚಳಿಗೆ ತಡೆಯುವ ಹಾಗೆ ಮಾಡಿ. ಅದು ಸಲಹೆಯಾಗಿ ಉಳಿಯಿತು, ಕಡ್ಡಾಯ ಆಗಲಿಲ್ಲ. ಖರ್ಚಿನ ಬಾಬತ್ತು. ಆಗ ಶಾಸಕರಾಗಿದ್ದ ಹ್ಯೂಸ್ಟನ್‌ನ ಸಿಲ್ವೆಸ್ಟರ್ ಟರ್ನರ್, ಸಾಕಷ್ಟು ಮೀಸಲು ವಿದ್ಯುತ್ ಇರುವಂತೆ ನೋಡಿಕೊಳ್ಳಬೇಕು ಅಂತ ಒಂದು ಮಸೂದೆ ತಂದರು. ಅದು ಮುಂದೆ ಹೋಗಲಿಲ್ಲ.

ಹತ್ತು ವರ್ಷ ಕಳೆದು ಬಾವಿಗಳು, ಪೈಪುಗಳು, ಸ್ಥಾವರಗಳು ಹೆಪ್ಪುಗಟ್ಟಿದವು. ಇಡೀ ಜಾಲ ಕುಸಿದು ವಾರಗಟ್ಟಲೆ ಕತ್ತಲೆಯಾಗಲಿಕ್ಕೆ 4 ನಿಮಿಷ 37 ಸೆಕೆಂಡ್ ಬಾಕಿ ಇತ್ತು ಅಂತ ಎರ್ಕಾಟ್‌ನವರೇ ಹೇಳಿದರು. ರಾಜ್ಯ ಆರೋಗ್ಯ ಇಲಾಖೆ ಲೆಕ್ಕ ಹಾಕಿದ ಸಾವು 246. ಗವರ್ನರ್ ಟಿವಿಯಲ್ಲಿ ಗಾಳಿಯಂತ್ರ, ಸೋಲಾರ್ ಮೇಲೆ ಹಾಕಿದರು. ಹೆಚ್ಚು ಕೈಕೊಟ್ಟದ್ದು ಗ್ಯಾಸ್. ಸೆನೆಟರ್ ಟೆಡ್ ಕ್ರೂಜ್ ಹೆಂಡತಿ ಮಕ್ಕಳ ಜೊತೆ ಬೆಚ್ಚಗಿನ ಮೆಕ್ಸಿಕೊದ ಕಾನ್‌ಕುನ್‌ಗೆ ವಿಮಾನ ಹತ್ತಿದರು. ಜನ ಫೋಟೊ ತೆಗೆದು ಹಾಕಿದ ಮೇಲೆ ಮರುದಿನ ವಾಪಸು ಬಂದು, ತಪ್ಪಾಯಿತು ಅಂದರು.

ಯಾರಿಗೆ ಏನಾಯಿತು ನೋಡಿ. ವಿದ್ಯುತ್ ನಿಯಂತ್ರಣ ಆಯೋಗದ ಮೂವರೂ ರಾಜೀನಾಮೆ ಕೊಟ್ಟರು. ಎರ್ಕಾಟ್‌ನ ಮುಖ್ಯಸ್ಥರನ್ನು ತೆಗೆದರು. ಇವರೆಲ್ಲ ನೇಮಕಗೊಂಡವರು. ಜನರಿಂದ ಆಯ್ಕೆಯಾದವರಲ್ಲಿ ಅಬಟ್ 2022ರಲ್ಲಿ, ಕ್ರೂಜ್ 2024ರಲ್ಲಿ ಪುನಃ ಗೆದ್ದರು. ಆ ವಾರ ದುಬಾರಿಯಾಗಿ ಕೊಂಡ ಗ್ಯಾಸಿನ ದುಡ್ಡನ್ನು ಸಾಲಪತ್ರ ಮಾಡಿ ಗ್ರಾಹಕರ ಬಿಲ್ಲಿಗೆ ಕಂತಿನಲ್ಲಿ ಹಾಕಲಿಕ್ಕೆ ಕಾನೂನು ಮಾಡಿದರು.

ಆದರೆ ಇದನ್ನೂ ಹೇಳಬೇಕು. ಅದೇ ಜೂನ್‌ನಲ್ಲಿ ಚಳಿಗೆ ಸಿದ್ಧತೆ ಕಡ್ಡಾಯ ಮಾಡುವ ಕಾನೂನು ಬಂತು, ತಪ್ಪಿದರೆ ದಂಡ ಅಂತಲೂ ಆಯಿತು. 2022ರ ಡಿಸೆಂಬರ್‌ನಲ್ಲಿ, 2024ರ ಜನವರಿಯಲ್ಲಿ ದೊಡ್ಡ ಚಳಿ ಬಂದಾಗ ಜಾಲ ನಿಂತಿತು. ಸಲಹೆಯಾಗಿದ್ದಾಗ ಹತ್ತು ವರ್ಷ ಆಗದ ಕೆಲಸ, ಕಡ್ಡಾಯ ಆದ ಮೇಲೆ ಆಯಿತು. ಉಪ್ಪನ ಚೀಟಿ ನೆನಪಾಗ್ತದಲ್ವಾ?

ಹ್ಯೂಸ್ಟನ್‌ಗೆ ಸೊನ್ನೆ

ಮೂರನೆಯದು ಸಣ್ಣದು. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಬಂದು ಹ್ಯೂಸ್ಟನ್ ಮುಳುಗಿತು. ಮುಂದಿನ ನೆರೆ ತಡೆಯಲಿಕ್ಕೆ ಕೇಂದ್ರ ಕೊಟ್ಟ ಹಣವನ್ನು ಹಂಚುವ ಕೆಲಸ ರಾಜ್ಯದ ಭೂ ಇಲಾಖೆಯದ್ದು. 2021ರ ಮೇಯಲ್ಲಿ ಮೊದಲ ಹಂಚಿಕೆ ಹೊರಬಂತು, ಸುಮಾರು ನೂರು ಕೋಟಿ ಡಾಲರ್. ಹ್ಯೂಸ್ಟನ್ ನಗರಕ್ಕೆ ಬಂದದ್ದು ಸೊನ್ನೆ. ಅದು ಇರುವ ಹ್ಯಾರಿಸ್ ಕೌಂಟಿಗೂ ಸೊನ್ನೆ. ಅಂಕ ಕೊಡುವ ಸೂತ್ರವನ್ನೇ ಹಾಗೆ ಮಾಡಿದ್ದರು. ಆಗ ಮೇಯರ್ ಆಗಿದ್ದವರು ಅದೇ ಟರ್ನರ್. ಗದ್ದಲ ಎದ್ದಿತು, ಆಳುವ ಪಕ್ಷದವರೂ ಸೇರಿ ಬಾಯಿ ಮಾಡಿದರು. ಕೆಲವೇ ದಿನದಲ್ಲಿ ಕೌಂಟಿಗೆ 75 ಕೋಟಿ ಡಾಲರ್ ಕೊಡುವ ಪ್ರಸ್ತಾಪ ಬಂತು. 2022ರ ಮಾರ್ಚ್‌ನಲ್ಲಿ ಕೇಂದ್ರದ ವಸತಿ ಇಲಾಖೆ, ಆ ಸೂತ್ರ ಕಪ್ಪು ಮತ್ತು ಹಿಸ್ಪಾನಿಕ್ ಜನರಿಗೆ ತಾರತಮ್ಯ ಮಾಡಿತು ಅಂತ ಹೇಳಿತು. ಹಂಚಿಕೆಯ ಪಟ್ಟಿ ಎಲ್ಲರಿಗೂ ಓದಲಿಕ್ಕೆ ಸಿಗುವಂತಿತ್ತು, ಅದಕ್ಕೇ ಸೊನ್ನೆ ಕಣ್ಣಿಗೆ ಬಿತ್ತು.

ಹೆದರಿಕೆ ಇಲ್ಲದ ಕಡೆ

ಯಾಕೆ ಹೀಗೆ? ಅವರೆಲ್ಲ ಕೆಟ್ಟವರು ಅಂತ ನನಗೆ ಅನಿಸುವುದಿಲ್ಲ. ಟೆಕ್ಸಾಸ್‌ನಲ್ಲಿ ಇಡೀ ರಾಜ್ಯದ ಓಟಿನಿಂದ ಆರಿಸುವ ಹುದ್ದೆಗಳನ್ನು 1994ರ ನಂತರ ಒಂದೇ ಪಕ್ಷ ಗೆಲ್ಲುತ್ತಾ ಬಂದಿದೆ. ಸೋಲುವ ಭಯವೇ ಇಲ್ಲದವನಿಗೆ ಹ್ಯೂಸ್ಟನ್‌ನ ನೆರೆ, ಡಲ್ಲಾಸ್‌ನ ಮೇಸ್ತ್ರಿಯ ಬಾಯಾರಿಕೆ ತಲೆಗೆ ಬರಬೇಕಾದರೆ ಅವನು ಔಲಿಯಾ ಆಗಿರಬೇಕು. ರಾಜಕಾರಣಿಯಲ್ಲಿ ಔಲಿಯಾನನ್ನು ಹುಡುಕುವುದು ನಮ್ಮ ತಪ್ಪು. ಭಯ ಇದ್ದ ಕಡೆ ಸಾಮಾನ್ಯ ಮನುಷ್ಯನೂ ಒಳ್ಳೆ ಕೆಲಸ ಮಾಡ್ತಾನೆ.

ನಮ್ಮ ಊರಿನ ವಿಷಯ ಹೇಳಿದರೆ ಬೇಜಾರು ಮಾಡಬೇಡಿ. ಕರಾವಳಿಯಲ್ಲಿ ನಮ್ಮ ಓಟನ್ನು ಒಬ್ಬರು ಬಂದೇ ಬರುತ್ತದೆ ಅಂತ ಲೆಕ್ಕ ಹಾಕಿದ್ದಾರೆ, ಇನ್ನೊಬ್ಬರು ಬರುವುದೇ ಇಲ್ಲ ಅಂತ ಲೆಕ್ಕ ಹಾಕಿದ್ದಾರೆ. ಬಂದೇ ಬರುವ ಓಟಿಗೆ ಯಾರೂ ದುಡಿಯುವುದಿಲ್ಲ, ಬಾರದ ಓಟಿಗೂ ದುಡಿಯುವುದಿಲ್ಲ. ಚುನಾವಣೆ ಹೊತ್ತಿಗೆ ಒಬ್ಬರು ಹೆದರಿಸ್ತಾರೆ, ಮತ್ತೊಬ್ಬರು ಬೈತಾರೆ. ಸೇತುವೆ, ಆಸ್ಪತ್ರೆ, ಶಾಲೆಯ ಮಾತು ಅದರ ನಡುವೆ ಎಲ್ಲಿ ಹೋಗ್ತದೆ ಗೊತ್ತಾಗುವುದಿಲ್ಲ.

ಇಲ್ಲಿ ಗಲ್ಫಿನಲ್ಲಿ ನಮಗೆ ಓಟಿಲ್ಲ. ಆದರೂ ಜೂನ್ 15ರಿಂದ ಸೆಪ್ಟೆಂಬರ್ 15ರ ವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಿನಲ್ಲಿ ದುಡಿಸುವಂತಿಲ್ಲ ಅಂತ ಸೌದಿಯಲ್ಲಿ ನಿಯಮ ಉಂಟು. ಯುಎಇಯಲ್ಲಿ ಅದೇ ಮೂರು ತಿಂಗಳು 12:30ರಿಂದ 3ರ ತನಕ, ತಪ್ಪಿದರೆ ಒಬ್ಬ ಕಾರ್ಮಿಕನಿಗೆ 5,000 ದಿರ್ಹಂ ದಂಡ. ಕತಾರ್ 2021ರಲ್ಲಿ, ವಿಶ್ವಕಪ್‌ಗೆ ಲೋಕದ ಕಣ್ಣೆಲ್ಲ ಅಲ್ಲೇ ಇದ್ದಾಗ, ಬಿಡುವಿನ ಹೊತ್ತನ್ನು ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30ಕ್ಕೆ ಹಿಗ್ಗಿಸಿತು. ಉಪ್ಪ ಬಂದ ಕಾಲದಲ್ಲಿ ಇದೊಂದೂ ಇರಲಿಲ್ಲ. ಮಧ್ಯಾಹ್ನ ಶಟರಿಂಗ್‌ನ ಕಬ್ಬಿಣ ಮುಟ್ಟಿದರೆ ಅಂಗೈ ಸುಡುತ್ತಿತ್ತು ಅಂತ ಹೇಳುತ್ತಿದ್ದರು.

ಹಾಗಾದರೆ ಓಟು ಬೇಡವಾ? ಬೇಕು. ಟೆಕ್ಸಾಸ್‌ನ ನಿಯಮ ಹೋದದ್ದಕ್ಕೆ ನಗರಗಳು ಕೋರ್ಟಿಗೆ ಹೋದವು, ಸಂಸದರು ಮೆಟ್ಟಿಲ ಮೇಲೆ ಕೂತರು, ಮುಂದಿನ ಚುನಾವಣೆಯೂ ಉಂಟು. ಮೇಲಿನಿಂದ ಕೊಟ್ಟದ್ದನ್ನು ಮೇಲಿನವರು ತೆಗೆದರೆ ಕೇಳುವವರು ಯಾರು? ಓಟು ಒಂದಿದ್ದರೆ ಸಾಲದು ಅಂತ ಮಾತ್ರ ನನ್ನ ಮಾತು. ಓಟು ಅಂದ್ರೆ ಕಟ್ಟು ಕೈಗೆ ಕೊಡುವುದು. ಚೀಟಿ, ಫೋನ್ ಎರಡೂ ಬಾಕಿ ಇರ್ತದೆ.

ಊರಿಗೆ ಬರೆಯುವ ಚೀಟಿ

ಈಗ ನಾವು ಮಾಡಬಹುದಾದ್ದು ಏನು?

ಒಂದನೆಯದಾಗಿ, ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗೆ 2011ರಿಂದ ಮತದಾರನಾಗಿ ಹೆಸರು ಸೇರಿಸುವ ಹಕ್ಕು ಉಂಟು. ನಮೂನೆ 6ಎ ತುಂಬಬೇಕು. ಆದರೆ ಓಟು ಹಾಕಲಿಕ್ಕೆ ಪಾಸ್‌ಪೋರ್ಟ್ ಹಿಡ್ಕೊಂಡು ಊರಿನ ಬೂತಿಗೇ ಹೋಗಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಇಡೀ ದೇಶದಲ್ಲಿ ಹಾಗೆ ಹೆಸರಿದ್ದವರು 1,19,374. ಓಟು ಹಾಕಿದವರು 2,958. ಅದರಲ್ಲಿ 2,670 ಮಂದಿ ಕೇರಳದವರು. ಲಕ್ಷಗಟ್ಟಲೆ ಜನ ಊರಿಗೆ ದುಡ್ಡು ಕಳಿಸ್ತೇವೆ, ಊರಿನ ಲೆಕ್ಕದಲ್ಲಿ ನಾವು ಇಲ್ಲ. ಇಲ್ಲಿಂದಲೇ ಓಟು ಹಾಕುವ ವ್ಯವಸ್ಥೆ ಮಾಡಬಹುದು ಅಂತ ಚುನಾವಣಾ ಆಯೋಗ 2020ರಲ್ಲಿ ಸರಕಾರಕ್ಕೆ ಬರೆದಿತ್ತು. ಓಟು ಕೇಳಲಿಕ್ಕೆ ಬರುವ ಪ್ರತಿಯೊಬ್ಬ ಅಭ್ಯರ್ಥಿಗೂ ಇದನ್ನು ಬರೆದು ಕೊಡುವ, "ಇದಕ್ಕೆ ನಿಮ್ಮ ಉತ್ತರ ಏನು" ಅಂತ ಕೇಳುವ. ಮನೆಯವರ ಹೆಸರು ಮತದಾರರ ಪಟ್ಟಿಯಲ್ಲಿ ಉಂಟಾ ಅಂತ ರಜೆಗೆ ಹೋದಾಗ ನೋಡಿ ಬನ್ನಿ.

ಎರಡನೆಯದಾಗಿ, ಪ್ರತಿ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ಮೇಲಿರುವ ಕೇಸುಗಳನ್ನು ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು. ಇದನ್ನು ರಾಜಕಾರಣಿಗಳು ಪ್ರೀತಿಯಿಂದ ಕೊಟ್ಟದ್ದಲ್ಲ. ಕೆಲವು ಸಾಮಾನ್ಯ ಪ್ರಾಧ್ಯಾಪಕರು ಕೋರ್ಟಿಗೆ ಹೋಗಿ, 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಬಂದದ್ದು. ಫೋನಿನಲ್ಲೇ ಓದಬಹುದು. ಕಳೆದ ಸಲದ್ದಕ್ಕೂ ಈ ಸಲದ್ದಕ್ಕೂ ಆಸ್ತಿ ಎಷ್ಟು ಬೆಳೆದಿದೆ ಅಂತ ನೋಡಲಿಕ್ಕೆ ಐದು ನಿಮಿಷ ಸಾಕು.

ಮೂರನೆಯದಾಗಿ, ಮಾಹಿತಿ ಹಕ್ಕು. 2005ರ ಕಾನೂನು. ಹತ್ತು ರೂಪಾಯಿ, ಮೂವತ್ತು ದಿನ. ನಿಮ್ಮ ವಾರ್ಡಿನ ರಸ್ತೆಗೆ ಎಷ್ಟು ಬಂತು, ಯಾರು ಕೆಲಸ ಮಾಡಿದರು, ಬಿಲ್ ಯಾವಾಗ ಪಾಸಾಯಿತು, ಇಷ್ಟು ಕೇಳಿದರೆ ಸಾಕು.

ನಾಲ್ಕನೆಯದಾಗಿ, ಗ್ರಾಮಸಭೆ. ಇದಕ್ಕೆ ಉದಾಹರಣೆ ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ನಮ್ಮ ಮನೆಯಿಂದ ಮದ್ರಸಾಕ್ಕೆ ಹೋಗುವ ದಾರಿಯಲ್ಲಿ ಒಂದು ತೋಡು. ಮಳೆಗಾಲದಲ್ಲಿ ಅಡಿಕೆ ಮರದ ಪಾಲ. ಪ್ರತಿ ಚುನಾವಣೆಗೆ ಬಂದವರೆಲ್ಲ, "ಈ ಸಲ ಕಾಲುಸಂಕ ಖಂಡಿತ" ಅಂತ ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಗಂಡಸರೆಲ್ಲ ಗಲ್ಫಿನಲ್ಲಿ. ಒಂದು ಮಳೆಗಾಲ ಪಕ್ಕದ ಮನೆಯ ಮಗು ಜಾರಿ ಬಿತ್ತು. ಅಲ್‌ಹಮ್ದುಲಿಲ್ಲಾಹ್, ಹಿಡಿಯಲಿಕ್ಕೆ ಜನ ಇದ್ದರು. ಮುಂದಿನ ಗ್ರಾಮಸಭೆಗೆ ಉಮ್ಮ, ಪಕ್ಕದ ಮನೆಯ ಹಿಂದೂ ಅಕ್ಕ, ಇನ್ನೂ ಎಂಟು ಹತ್ತು ಹೆಂಗಸರು ಹೋದರು. ಬಾಯಲ್ಲಿ ಹೇಳಲಿಲ್ಲ, ಅರ್ಜಿ ಬರೆದು ಕೊಟ್ಟು ಸೀಲು ಹಾಕಿಸಿ ಒಂದು ಪ್ರತಿ ತಂದರು. ಆರು ತಿಂಗಳಿಗೆ ಪುನಃ ಹೋದರು. "ಹೋದ ಸಲದ ಅರ್ಜಿ ಎಲ್ಲಿಗೆ ಬಂತು?" ಅಂತ ಕೇಳಿದರು. ಪುನಃ ಆರು ತಿಂಗಳಿಗೆ ಹೋದರು. ನಾಲ್ಕನೇ ಸಭೆಯಲ್ಲಿ ಅಧ್ಯಕ್ಷರು ಇವರನ್ನು ನೋಡಿದ ಕೂಡಲೇ, "ನಿಮ್ಮದು ಆಗ್ತದೆ, ಕೂತ್ಕೊಳ್ಳಿ" ಅಂದ್ರಂತೆ. ಮೂರನೇ ಮಳೆಗಾಲಕ್ಕೆ ಮೊದಲು ಕಾಲುಸಂಕ ಆಯಿತು.

ಸೀಲು ಹಾಕಿಸಿದ ಆ ಕಾಗದಗಳನ್ನು ಉಮ್ಮ ಇವತ್ತಿಗೂ ಒಂದು ಬಿಸ್ಕತ್ ಡಬ್ಬದಲ್ಲಿ ಇಟ್ಟಿದ್ದಾರೆ. ಅದೇ ಡಬ್ಬದಲ್ಲಿ ಉಪ್ಪ ಜುಬೈಲಿನಿಂದ ಕಳಿಸುತ್ತಿದ್ದ ಕಟ್ಟುಗಳ ಚೀಟಿಗಳೂ ಉಂಟು. ಸಾಬೂನು ಆರು, ಟ್ಯಾಂಗ್ ಎರಡು, ಟಾರ್ಚ್ ಒಂದು.

ಆಗ ಗೆದ್ದ ಅಧ್ಯಕ್ಷರು ಒಳ್ಳೆಯವರಾ, ಕೆಟ್ಟವರಾ, ನನಗೆ ಗೊತ್ತಿಲ್ಲ. ಉಮ್ಮನಿಗೂ ಗೊತ್ತಿಲ್ಲ. ಸಂಕ ಮಾತ್ರ ಉಂಟು, ಮಕ್ಕಳು ದಾಟ್ತಾರೆ. ರೂಮಿನಲ್ಲಿ ಇವತ್ತು ರಾತ್ರಿ ಜಗಳ ಶುರುವಾದರೆ ಇಷ್ಟು ಹೇಳಿ: ನಂಬುವುದಾ ಬಿಡುವುದಾ ಅಂತ ಆಮೇಲೆ ನೋಡುವ, ಮೊದಲು ನಮ್ಮ ಚೀಟಿ ಯಾರ ಹತ್ತಿರ ಉಂಟು, ಅದರ ಪ್ರತಿ ನಮ್ಮ ಹತ್ತಿರ ಉಂಟಾ, ಕೊನೆಯ ಸಲ ಫೋನ್ ಮಾಡಿದ್ದು ಯಾವಾಗ?

ಇಲ್ಲಿ ಬಿಸಿಲಿನಲ್ಲಿ ದುಡಿಯುವ ನಿಮಗೆಲ್ಲ ಅಲ್ಲಾಹು ಆರೋಗ್ಯ ಕೊಡಲಿ, ಊರಿನಲ್ಲಿ ಕಾಯುವವರಿಗೆ ನೆಮ್ಮದಿ ಕೊಡಲಿ. ನೀರು ಕುಡಿಯಲಿಕ್ಕೆ ಮರೆಯಬೇಡಿ, ಫೋರ್‌ಮನ್ ಏನೇ ಹೇಳಲಿ.

ಅಸ್ಸಲಾಮು ಅಲೈಕುಂ.